ಸರ್ಟಿಫಿಕೇಟ್ ಒಂದೇ, ಪಾಠ ಬೇರೆ ಬೇರೆ: ಡಿಗ್ರಿ ಕಾಲೇಜು ಆರಿಸೋದು ಹೇಗೆ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಮೊಬೈಲ್‌ಗೆ ಬಿಡುವಿರುವುದಿಲ್ಲ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದು ನಂಜನಗೂಡಿನಲ್ಲೋ ಟಿ. ನರಸೀಪುರದಲ್ಲೋ ನೆಲೆಸಿದ ಬ್ಯಾರಿ ಕುಟುಂಬ ಸಲಹೆ ಕೇಳುವುದು ಊರಿಗೆ, ಅಂದರೆ ಕರಾವಳಿಗೆ. ಅಲ್ಲಿಂದ ಮಾಮ 'ಮಂಗಳೂರಿಗೇ ಕಳಿಸಿ' ಅಂತಾರೆ. ಪಕ್ಕದ ಅಂಗಡಿಯವರು 'ಮೈಸೂರೇ ಬೆಸ್ಟು' ಅಂತಾರೆ. ಉಮ್ಮನಿಗೆ ಮಗಳು ಕಣ್ಣೆದುರಿಗೇ ಇರಬೇಕು. ಮಾತು ಮುಗಿಯುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ಬಂದಿರುತ್ತದೆ. ಆಮೇಲೆ ಸೈಬರ್ ಸೆಂಟರ್‌ನ ಹುಡುಗ ಯಾವ ಕಾಲೇಜಿನ ಹೆಸರು ಒತ್ತುತ್ತಾನೋ ಅದೇ ಗಟ್ಟಿ. ಒಮ್ಮತವೇ ಆಗದ ಮನೆಗಳಲ್ಲಿ ಹೆಣ್ಣುಮಗುವಿನ ಓದು ಪಿಯುಸಿಗೇ ನಿಂತುಬಿಡುವುದೂ ಉಂಟು.

ಹಾಗಾಗದಿರಲಿ ಎಂದು ಈ ವಾರ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಂತಾದ ಪದವಿಗಳಿಗೆ ಕಾಲೇಜು ಆರಿಸುವ ವಿಚಾರವನ್ನೇ ಎತ್ತಿಕೊಂಡಿದ್ದೇವೆ. ಇಂಜಿನಿಯರಿಂಗ್, ಮೆಡಿಕಲ್ ದಾರಿ ಬೇರೆ. ಅವಕ್ಕೆ ಪ್ರವೇಶ ಪರೀಕ್ಷೆ ಇದೆ, ಅವುಗಳ ವಿಶ್ವವಿದ್ಯಾನಿಲಯಗಳೂ ಬೇರೆ.

ಪದವಿ ಕೊಡೋದು ಯಾರು, ಪಾಠ ಮಾಡೋದು ಯಾರು?

ಎಷ್ಟೋ ಪೋಷಕರಿಗೆ ಇಲ್ಲೇ ಗೊಂದಲ. ನಂಜನಗೂಡಿನ ಸರ್ಕಾರಿ ಕಾಲೇಜಿನಲ್ಲಿ ಓದಿದರೂ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರೂ ಕೊನೆಗೆ ಕೈಗೆ ಬರುವುದು ಮೈಸೂರು ವಿಶ್ವವಿದ್ಯಾನಿಲಯದ ಪದವಿ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದಾಗ ಈ ವಿ.ವಿ.ಗೆ ಇದ್ದ ಆಧಾರ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಆಮೇಲೆ ಒಂದೊಂದೇ ಕಾಲೇಜು ಸೇರುತ್ತಾ ಹೋಯಿತು. 1980ರಲ್ಲಿ ಮಂಗಳೂರು ವಿ.ವಿ. ಬೇರೆಯಾಗುವ ತನಕ ದಕ್ಷಿಣ ಕನ್ನಡದ ಕಾಲೇಜುಗಳೂ ಇದರ ಅಡಿಯಲ್ಲೇ ಇದ್ದವು. ನಮ್ಮ ಹಿರಿಯರಲ್ಲಿ ಎಪ್ಪತ್ತರ ದಶಕದಲ್ಲಿ ಮಂಗಳೂರಿನಲ್ಲೇ ಡಿಗ್ರಿ ಮಾಡಿದವರಿದ್ದರೆ ಅವರ ಸರ್ಟಿಫಿಕೇಟ್ ತೆಗೆಸಿ ನೋಡಿ, ಅದರಲ್ಲಿ ಮೈಸೂರು ವಿ.ವಿ.ಯ ಹೆಸರೇ ಇರುತ್ತದೆ.

ಸರ್ಟಿಫಿಕೇಟ್ ಒಂದೇ ಅಂದಮೇಲೆ ಯಾವ ಕಾಲೇಜಾದರೇನು ಅಂತ ಕೇಳಬಹುದು. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲಿ ಆ ಮಾತು ಬಹುಮಟ್ಟಿಗೆ ನಿಜ. ಅಲ್ಲೂ ಹುಡುಗರು ಅರ್ಜಿ ಹಾಕುವಾಗ ವಿ.ವಿ.ಯ ಜೊತೆ ಕಾಲೇಜನ್ನೂ ಹೆಸರಿಸಬಹುದು. ಯಾವುದನ್ನೂ ಹೆಸರಿಸದಿದ್ದರೆ ವಿ.ವಿ.ಯೇ ಒಂದನ್ನು ಗೊತ್ತು ಮಾಡುತ್ತದೆ. ಅಲ್ಲಿ ದೊಡ್ಡ ತರಗತಿ, ಪ್ರಯೋಗಾಲಯ, ಪರೀಕ್ಷೆ ಎಲ್ಲ ವಿ.ವಿ.ಯದ್ದು. ಕಾಲೇಜು ಕೊಡುವುದು ಉಳಿಯುವ ಕೋಣೆ, ಊಟ, ಇಬ್ಬರು ಮೂವರನ್ನು ಕೂರಿಸಿಕೊಂಡು ಮಾಡುವ ಪಾಠ. ನಮ್ಮಲ್ಲಿ ವ್ಯವಸ್ಥೆ ಬೇರೆ. ಪಠ್ಯಕ್ರಮ, ಪರೀಕ್ಷೆ, ಪದವಿ ವಿ.ವಿ.ಯದ್ದು, ಮೂರು ವರ್ಷ ದಿನಾ ನಡೆಯುವ ಪಾಠ, ಲ್ಯಾಬು, ಲೈಬ್ರರಿ, ಆಂತರಿಕ ಅಂಕ ಕಾಲೇಜಿನದ್ದು. ಆದ್ದರಿಂದ ಮಗು ಎಷ್ಟು ಕಲಿಯುತ್ತದೆ ಎಂಬುದು ಕಾಲೇಜಿನ ಮೇಲೇ ನಿಂತಿದೆ. ಆಯ್ಕೆಗೆ ಒಂದು ವಾರ ಕೂತು ಯೋಚಿಸಬೇಕಾದ್ದು ಇದೇ ಕಾರಣಕ್ಕೆ.

ನಮ್ಮೆದುರಿಗೆ ಏನೇನಿದೆ?

ನಂಜನಗೂಡಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ, ಜೆಎಸ್‌ಎಸ್ ಕಾಲೇಜು ಇದೆ. ಟಿ. ನರಸೀಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ವಿದ್ಯೋದಯ ಕಾಲೇಜು ಇವೆ. ಅದೇ ತಾಲೂಕಿನ ಬನ್ನೂರಿನಲ್ಲೂ ಸರ್ಕಾರಿ ಕಾಲೇಜು ಇದೆ. ಇವು ವಿ.ವಿ.ಗೆ ಸಂಯೋಜನೆಗೊಂಡ ಕಾಲೇಜುಗಳು, ವಿ.ವಿ. ಕೊಟ್ಟ ಪಠ್ಯ, ವಿ.ವಿ. ನಡೆಸುವ ಪರೀಕ್ಷೆ.

ಮೈಸೂರಿಗೆ ಹೋದರೆ ಮೂರು ಬಗೆ. ಮೊದಲನೆಯದು ವಿ.ವಿ.ಯೇ ನಡೆಸುವ ಘಟಕ ಕಾಲೇಜುಗಳು: ಕಲಾ ವಿಷಯಗಳಿಗೆ ಮಹಾರಾಜ, ವಿಜ್ಞಾನಕ್ಕೆ ಯುವರಾಜ. ಎರಡನೆಯದು ಸರ್ಕಾರಿ ಕಾಲೇಜುಗಳು. ಹೆಣ್ಣುಮಕ್ಕಳಿಗೆಂದೇ ಇರುವ ಮಹಾರಾಣಿ ಕಾಲೇಜುಗಳು ಇದರಲ್ಲಿ ಮುಖ್ಯ. ಕಲೆ, ವಿಜ್ಞಾನ, ವಾಣಿಜ್ಯಕ್ಕೆ ಅಲ್ಲಿ ಬೇರೆ ಬೇರೆ ಕಾಲೇಜೇ ಇದೆ. ಮೂರನೆಯದು ಖಾಸಗಿ ಆಡಳಿತದವು: ಸೇಂಟ್ ಫಿಲೋಮಿನಾ, ಊಟಿ ರಸ್ತೆಯ ಜೆಎಸ್‌ಎಸ್, ಸರಸ್ವತಿಪುರಂನ ಜೆಎಸ್‌ಎಸ್ ಮಹಿಳಾ ಕಾಲೇಜು, ಶಾರದಾವಿಲಾಸ, ತೆರೇಷಿಯನ್ ಇತ್ಯಾದಿ.

ಇಲ್ಲಿ 'ಸ್ವಾಯತ್ತ' ಅನ್ನುವ ಪದವನ್ನು ಗಮನಿಸಬೇಕು. ಯುವರಾಜ, ಫಿಲೋಮಿನಾ, ಊಟಿ ರಸ್ತೆಯ ಜೆಎಸ್‌ಎಸ್‌ನಂಥ ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯ ತಾವೇ ರೂಪಿಸಿ, ಪರೀಕ್ಷೆಯನ್ನೂ ತಾವೇ ನಡೆಸುತ್ತವೆ. ಪದವಿಯನ್ನು ಮಾತ್ರ ವಿ.ವಿ. ಕೊಡುತ್ತದೆ. ಪಠ್ಯ ಹೊಸದಾಗಿರುತ್ತದೆ, ಫಲಿತಾಂಶ ಬೇಗ ಬರುತ್ತದೆ ಎನ್ನುವುದು ಲಾಭ. ಆದರೆ ಎರಡನೇ ವರ್ಷಕ್ಕೆ ಊರಿನ ಕಾಲೇಜಿಗೆ ವಾಪಸ್ ಬರೋಣ ಅಂದರೆ ಪಠ್ಯ ಹೊಂದದೆ ತೊಂದರೆ ಆಗಬಹುದು. 'ಆರು ತಿಂಗಳು ನೋಡೋಣ, ಆಗದಿದ್ದರೆ ಬದಲಾಯಿಸೋಣ' ಎಂದುಕೊಂಡು ಸೇರಿಸಬೇಡಿ.

ಮೊದಲು ವಿಷಯ, ಆಮೇಲೆ ಕಾಲೇಜು

ಕಾಲೇಜಿನ ಹೆಸರು ಹಿಡಿದು ಹೊರಟವರು ಎಡವುವುದು ಇಲ್ಲೇ. ಮಗುವಿಗೆ ಬೇಕಾದ ವಿಷಯಗಳ ಜೋಡಣೆ, ಅಂದರೆ ಕಾಂಬಿನೇಷನ್, ಆ ಕಾಲೇಜಿನಲ್ಲಿ ಇದೆಯೇ ಅಂತ ಮೊದಲು ನೋಡಬೇಕು. ಸಣ್ಣ ಊರಿನ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ಸುಲಭವಾಗಿ ಸಿಗುತ್ತದೆ, ಬಿ.ಎಸ್ಸಿ.ಯ ಎಲ್ಲ ಜೋಡಣೆ ಸಿಗುವುದಿಲ್ಲ. ಪಿಯುಸಿಯಲ್ಲಿ ಸೈನ್ಸ್ ಓದಿ ಒಳ್ಳೆ ಅಂಕ ತೆಗೆದ ಹುಡುಗಿಯನ್ನು 'ಹತ್ತಿರದಲ್ಲಿ ಅದೇ ಇರೋದು' ಅಂತ ಬಿ.ಕಾಂ.ಗೆ ಹಾಕಿದರೆ ಎರಡು ವರ್ಷ ಪಟ್ಟ ಪಾಡು ನೀರಿಗೆ ಹೋದ ಹಾಗೆ. ಬಿ.ಕಾಂ. ಕೆಟ್ಟದ್ದಲ್ಲ, ಆ ಹುಡುಗಿ ಕೇಳಿದ್ದು ಅದಲ್ಲ ಅಷ್ಟೇ. ಅಲ್ಲಿಂದ ಎಂ.ಎಸ್ಸಿ. ಕಡೆಗೆ ಮತ್ತೆ ದಾರಿ ಇಲ್ಲ.

ಹಾಗೆಯೇ, ಮುಂದೆ ಬಿ.ಎಡ್. ಮಾಡಿ ಹೈಸ್ಕೂಲ್ ಟೀಚರ್ ಆಗಬೇಕು ಅನ್ನುವ ಮಕ್ಕಳು ನಮ್ಮಲ್ಲಿ ಬಹಳ. ಅವರು ಡಿಗ್ರಿಯಲ್ಲಿ ಶಾಲೆಯಲ್ಲಿ ಕಲಿಸುವ ವಿಷಯಗಳನ್ನೇ ಆರಿಸಿರಬೇಕು. ಎಂ.ಎ., ಎಂ.ಎಸ್ಸಿ. ಬೇಕೆನ್ನುವವರು ಡಿಗ್ರಿಯಲ್ಲಿ ಆ ವಿಷಯ ಓದಿರಬೇಕು. ಇದನ್ನು ಮೂರನೇ ವರ್ಷ ಮುಗಿದ ಮೇಲೆ ತಿಳಿದು ಪ್ರಯೋಜನವಿಲ್ಲ. ಈ ವಿಷಯದಿಂದ ಮುಂದೆ ಏನೇನು ಓದಬಹುದು ಅಂತ ಕಾಲೇಜಿನ ಉಪನ್ಯಾಸಕರನ್ನು ಸೇರುವ ಮೊದಲೇ ಕೇಳಿ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಅಣ್ಣನೋ ಅಕ್ಕನೋ ನಾಲ್ಕು ವರ್ಷದ ಹೊಸ ಶಿಕ್ಷಣ ನೀತಿಯಲ್ಲಿ ಓದಿದ್ದರೆ ಅವರ ಅನುಭವ ತಮ್ಮನಿಗೆ ಹಾಗೇ ಅನ್ವಯಿಸುವುದಿಲ್ಲ.

ದಾರಿಯ ಲೆಕ್ಕ

ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್. ಬಸ್ಸು ಧಾರಾಳ, ಚಾಮರಾಜನಗರ ಮಾರ್ಗದ ರೈಲೂ ಇದೆ. ಟಿ. ನರಸೀಪುರ ಅದಕ್ಕಿಂತ ಸ್ವಲ್ಪ ದೂರ, ರೈಲಿಲ್ಲ, ಬಸ್ಸೇ ಗತಿ. ಹೋಗಿ ಬರುವುದು ಆಗದ ಮಾತೇನಲ್ಲ. ಆದರೆ ಲೆಕ್ಕವನ್ನು ಬಸ್ ಸ್ಟ್ಯಾಂಡಿನಿಂದ ಹಾಕಬೇಡಿ, ಮನೆ ಬಾಗಿಲಿನಿಂದ ಕ್ಲಾಸಿನ ಬಾಗಿಲಿಗೆ ಹಾಕಿ. ಹಳ್ಳಿಯಿಂದ ಪೇಟೆಗೆ ಒಂದು ಬಸ್ಸು, ಪೇಟೆಯಿಂದ ಮೈಸೂರಿಗೆ ಇನ್ನೊಂದು, ಅಲ್ಲಿ ಸಿಟಿ ಬಸ್ಸು ಮತ್ತೊಂದು ಅಂದರೆ ದಿನಕ್ಕೆ ಮೂರ್ನಾಲ್ಕು ಗಂಟೆ ರಸ್ತೆಯಲ್ಲೇ. ಹಾಜರಿ ಶೇ 75 ಇರಲೇಬೇಕು. ಲ್ಯಾಬ್ ಇರುವ ದಿನ ಸಂಜೆ ಎಷ್ಟು ಹೊತ್ತಾಗುತ್ತದೆ, ಆ ಹೊತ್ತಿಗೆ ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ನೋಡಿ. ಸೇರಿಸುವ ಮೊದಲು ಒಂದು ದಿನ ಬಾಪ ಅಥವಾ ಅಣ್ಣ ಮಗುವಿನ ಜೊತೆ ಅದೇ ಹೊತ್ತಿನ ಬಸ್ಸಿನಲ್ಲಿ ಹೋಗಿ ಬಂದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹಾಗಾಗಿ 'ದಿನಾ ಬಸ್ ಚಾರ್ಜಿಗೇ ಎಷ್ಟಾಗುತ್ತೆ' ಅನ್ನುವ ಮಾತನ್ನು ಮಗಳ ವಿಷಯದಲ್ಲಿ ಇನ್ನು ಹೇಳುವಂತಿಲ್ಲ. ಹುಡುಗರಿಗೆ ರಿಯಾಯಿತಿಯ ವಿದ್ಯಾರ್ಥಿ ಪಾಸ್ ಇದೆ.

ಹೆಣ್ಣುಮಕ್ಕಳ ವಿಷಯ

ಮಹಿಳಾ ಕಾಲೇಜು ಬೇಕೆನ್ನುವ ಮನೆಗೆ ಮೈಸೂರಿನಲ್ಲಿ ಸರ್ಕಾರಿ ಕಾಲೇಜೂ ಇದೆ, ಖಾಸಗಿಯೂ ಇದೆ. 'ಹೆಣ್ಣುಮಕ್ಕಳ ಕಾಲೇಜು ಎಲ್ಲಿದೆ' ಎನ್ನುವುದು ಓದು ನಿಲ್ಲಿಸಲು ಕಾರಣ ಆಗಬಾರದು.

ಹಿಜಾಬ್ ಬಗ್ಗೆ ಮನೆಗಳಲ್ಲಿ ಈಗಲೂ ಆತಂಕ ಇದೆ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಕೊಟ್ಟ ಭಿನ್ನ ತೀರ್ಪು ಎಲ್ಲರಿಗೂ ನೆನಪಿದೆ. ನಿಷೇಧವನ್ನು ವಾಪಸ್ ಪಡೆಯುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2023ರ ಡಿಸೆಂಬರ್‌ನಲ್ಲಿ ಹೇಳಿದ್ದು ಇದೇ ನಂಜನಗೂಡು ತಾಲೂಕಿನ ಕಾರ್ಯಕ್ರಮದಲ್ಲಿ. ರಾಜಕೀಯದ ಮಾತು ಏನೇ ಇರಲಿ, ಪೋಷಕರು ಮಾಡಬೇಕಾದ ಕೆಲಸ ಒಂದಿದೆ. ಸಮವಸ್ತ್ರ ಇದೆಯೇ, ನಿಯಮ ಏನು ಅಂತ ಫೀಸು ಕಟ್ಟುವ ಮೊದಲೇ ಪ್ರಾಂಶುಪಾಲರ ಬಳಿ ನೇರವಾಗಿ, ಮರ್ಯಾದೆಯಿಂದ ಕೇಳಿ. ಈಗ ಅಲ್ಲಿ ಓದುತ್ತಿರುವ ನಮ್ಮ ಹೆಣ್ಣುಮಕ್ಕಳಿದ್ದರೆ ಅವರನ್ನೂ ವಿಚಾರಿಸಿ. ಯಾರೋ ಫಾರ್ವರ್ಡ್ ಮಾಡಿದ ವಾಟ್ಸ್‌ಆ್ಯಪ್ ಸಂದೇಶ ನೋಡಿ ಕಾಲೇಜು ಬಿಡಬೇಡಿ.

ಮದುವೆ ಪ್ರಸ್ತಾಪ ಬಂತು ಅಂತ ಅರ್ಜಿಯನ್ನೇ ಹಾಕದೆ ಇರುವ ಮನೆಗಳಿಗೂ ಒಂದು ಮಾತು. ಅರ್ಜಿ ಹಾಕಿದರೆ ಮುಂದೆ ಓದುವ ದಾರಿ ತೆರೆದಿರುತ್ತದೆ. ಹಾಕದಿದ್ದರೆ ಒಂದು ವರ್ಷ ಹೋಯಿತು, ಮರುವರ್ಷ ಮತ್ತೆ ಕಾಲೇಜಿಗೆ ಹೋಗುತ್ತೇನೆ ಅನ್ನಲು ಹುಡುಗಿಗೇ ಸಂಕೋಚ ಆಗುತ್ತದೆ. ಏನೂ ಆಗದ ಪರಿಸ್ಥಿತಿಯಲ್ಲಿ ಮೈಸೂರಿನಲ್ಲೇ ಇರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಿಂದಲೇ ಓದಬಹುದು. ಆದರೆ ದಿನಾ ಕ್ಲಾಸಿಗೆ ಹೋಗುವ ಅನುಕೂಲ ಇದ್ದೂ ಅದನ್ನು ಆರಿಸಬೇಡಿ.

ದುಡ್ಡು, ದಾಖಲೆ

ಸರ್ಕಾರಿ ಕಾಲೇಜಿನ ಫೀಸು ಕಡಿಮೆ, ಹೆಣ್ಣುಮಕ್ಕಳಿಗೆ ರಿಯಾಯಿತಿಯೂ ಇದೆ. ಖಾಸಗಿ ಕಾಲೇಜಿಗೆ ಹೋದರೆ ಮೊದಲ ವರ್ಷದ ಫೀಸು ಮಾತ್ರ ಕೇಳಿ ಬರಬೇಡಿ. ಮೂರು ವರ್ಷದ ಒಟ್ಟು ಎಷ್ಟು, ಪರೀಕ್ಷಾ ಶುಲ್ಕ ಬೇರೆಯೇ, ಕಂತಿನಲ್ಲಿ ಕಟ್ಟಬಹುದೇ ಅಂತ ಕೇಳಿ ಬರೆದುಕೊಳ್ಳಿ. ಹಾಸ್ಟೆಲ್ ಬೇಕಿದ್ದರೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಬೇರೆಯೇ ಅರ್ಜಿ ಹಾಕಬೇಕು. ಕಾಲೇಜು ಸೀಟು ಸಿಕ್ಕಿತು ಅಂದರೆ ಹಾಸ್ಟೆಲ್ ತಾನಾಗಿ ಸಿಗುವುದಿಲ್ಲ.

ನಮ್ಮವರಿಗೆ ಪ್ರವರ್ಗ 2ಬಿ ಅಡಿ ಶೇ 4 ಮೀಸಲಾತಿ ಇದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿಡಿ; ಫಲಿತಾಂಶ ಬಂದ ಮೇಲೆ ಅಲ್ಲಿ ಜನ ಜಾಸ್ತಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ನಮ್ಮಲ್ಲಿ ಹೆಚ್ಚು ಕಾಡುವುದು ಹೆಸರು. ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಆಧಾರ್‌ನಲ್ಲಿ 'ಮುಹಮ್ಮದ್'. ಒಂದರಲ್ಲಿ ಬಾಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಆಧಾರ್‌ನಲ್ಲೂ ಮಾಡಿಸಿಕೊಳ್ಳಿ.

ಡಿಗ್ರಿ ಪ್ರವೇಶದ ಅರ್ಜಿ ಯುಯುಸಿಎಂಎಸ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ. ವಿ.ವಿ., ಕಾಲೇಜು, ಕೋರ್ಸು, ವಿಷಯ ಎಲ್ಲವನ್ನೂ ಅಲ್ಲೇ ಆರಿಸಬೇಕು. ಕೆಲವು ಸ್ವಾಯತ್ತ ಕಾಲೇಜುಗಳು ತಮ್ಮದೇ ಅರ್ಜಿಯನ್ನೂ ಕೇಳುತ್ತವೆ. ಸೈಬರ್ ಸೆಂಟರ್‌ಗೆ ಹೋಗುವಾಗ ಕಾಲೇಜು ಮತ್ತು ವಿಷಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒತ್ತುವ ಮೊದಲು ಮಗುವೇ ಓದಿ ನೋಡಲಿ. ನೋಂದಣಿಗೆ ಕೊಟ್ಟ ಮೊಬೈಲ್ ನಂಬರ್ ಮನೆಯವರದ್ದೇ ಆಗಿರಲಿ. ಒಟಿಪಿ ಬರುವುದು ಅದಕ್ಕೇ.

ಮಂಗಳೂರಿಗೆ ಕಳಿಸಬೇಕೇ?

ಅಜ್ಜಿ ಮನೆಯಲ್ಲೋ ಮಾಮನ ಮನೆಯಲ್ಲೋ ಇದ್ದು ಓದಲಿ ಎನ್ನುವುದು ತಪ್ಪು ಯೋಚನೆ ಅಲ್ಲ. ಒಳ್ಳೆ ಕಾಲೇಜುಗಳಿವೆ, ಭಾಷೆ ನಮ್ಮದು, ಮಕ್ಕಳಿಗೆ ಕುಟುಂಬದ ಒಡನಾಟ ಸಿಗುತ್ತದೆ. ಆದರೆ ಅಲ್ಲಿನ ಹೆಚ್ಚಿನ ಕಾಲೇಜುಗಳಲ್ಲಿ ಸಿಗುವುದು ಮಂಗಳೂರು ವಿ.ವಿ.ಯ ಪದವಿ, ಪಠ್ಯವೂ ಬೇರೆ. ನಡುವೆ ಮನೆಗೆ ವಾಪಸ್ ಬರಬೇಕಾಗಿ ಬಂದರೆ ವಿ.ವಿ.ಯೇ ಬದಲಾಗುತ್ತದೆ, ಅದು ಕಾಲೇಜು ಬದಲಾಯಿಸುವುದಕ್ಕಿಂತ ಕಷ್ಟ. ಮೂರು ವರ್ಷ ಒಬ್ಬರ ಮನೆಯಲ್ಲಿ ಇರಿಸುವ ವಿಷಯವನ್ನು ಫೋನಿನಲ್ಲಿ ತೀರ್ಮಾನಿಸಬೇಡಿ. ಅಲ್ಲಿನ ಮಾಮಿಗೂ ಒಪ್ಪಿಗೆ ಇದೆಯೇ ಅಂತ ಕೇಳಿ.

ಕಾಲೇಜಿಗೆ ಹೋದಾಗ ಇಷ್ಟು ಕೇಳಿ

ಎರಡು ಕಾಲೇಜನ್ನಾದರೂ ಕಣ್ಣಾರೆ ನೋಡಿ. ಮಗು ಆರಿಸಿದ ವಿಷಯಕ್ಕೆ ಎಷ್ಟು ಜನ ಕಾಯಂ ಉಪನ್ಯಾಸಕರಿದ್ದಾರೆ, ಎಷ್ಟು ಜನ ಅತಿಥಿ ಉಪನ್ಯಾಸಕರು ಅಂತ ಕೇಳಿ. ಅತಿಥಿ ಉಪನ್ಯಾಸಕರಲ್ಲೂ ಬಹಳ ಒಳ್ಳೆಯವರಿದ್ದಾರೆ; ಆದರೆ ಅವರ ನೇಮಕಾತಿ ತಡವಾದ ವರ್ಷ ತರಗತಿಯೂ ತಡ. ಕಳೆದ ವರ್ಷ ಆ ವಿಷಯದಲ್ಲಿ ಎಷ್ಟು ಮಂದಿ ಪಾಸಾದರು ಕೇಳಿ. ಲೈಬ್ರರಿ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ, ಹೆಣ್ಣುಮಕ್ಕಳಿಗೆ ವಿಶ್ರಾಂತಿ ಕೋಣೆ, ಸ್ವಚ್ಛ ಶೌಚಾಲಯ ಇದೆಯೇ ನೋಡಿ. ಗೇಟಿನ ಹೊರಗೆ ನಿಂತ ಎರಡನೇ ವರ್ಷದ ಹುಡುಗರನ್ನು 'ಕ್ಲಾಸ್ ಸರಿಯಾಗಿ ಆಗುತ್ತಾ?' ಅಂತ ಕೇಳಿದರೆ ಕಚೇರಿಯಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಹೀಗೆಲ್ಲ ನೋಡಿದ ಮೇಲೆ ಊರಿನ ಕಾಲೇಜೇ ಸರಿ ಅನ್ನಿಸಿದರೆ ಧೈರ್ಯವಾಗಿ ಅಲ್ಲೇ ಸೇರಿಸಿ. ಬೇಕಾದ ವಿಷಯ ಇದೆ, ಉಪನ್ಯಾಸಕರಿದ್ದಾರೆ, ಉಳಿದ ಸಮಯ ಓದಿಗೆ ಸಿಗುತ್ತದೆ ಅಂದರೆ ಮೈಸೂರಿನ ದೊಡ್ಡ ಹೆಸರಿಗೆ ಆಸೆಪಡಬೇಕಾಗಿಲ್ಲ. ಬೇಕಾದ ವಿಷಯ ಮೈಸೂರಿನಲ್ಲಿ ಮಾತ್ರ ಇದ್ದರೆ ಬಸ್ಸು ಹತ್ತಿಸಲು ಹಿಂಜರಿಯಬೇಡಿ. ಮೂರು ವರ್ಷ ಆ ಬೆಂಚಿನಲ್ಲಿ ಕೂರುವವರು ನಾವಲ್ಲ, ಮಕ್ಕಳು. ಮನೆಯ ಹಿರಿಯರೆಲ್ಲ ಮಾತಾಡಿದ ಮೇಲೆ ಅವರನ್ನೂ ಕೂರಿಸಿಕೊಂಡು ಕೇಳಿ, ಆಮೇಲೆ ಅರ್ಜಿ ತುಂಬಿ. ಕೊನೆಯ ದಿನಕ್ಕೆ ಒಂದು ವಾರ ಮುಂಚೆಯೇ ಆ ಕೆಲಸ ಮುಗಿದಿರಲಿ.