ಸೂರ್ಯನು ಬರೆಯುವ ಎಂಟು

ವಾರಕ್ಕೊಂದು ವಿಷಯವನ್ನು ಗೊತ್ತುಮಾಡಿಕೊಂಡು ವರ್ಷವಿಡೀ ಛಾಯಾಚಿತ್ರ ತೆಗೆಯುವ ಹವ್ಯಾಸಿಗಳುಂಟು. 52 ವಾರಗಳೂ ಸೂರ್ಯನೊಬ್ಬನನ್ನೇ ತೆಗೆದರೆ ಏನಾದೀತು?

ಕ್ಯಾಮರಾವನ್ನು ಕದಲಿಸದೆ, ಗಡಿಯಾರದ ಒಂದೇ ಹೊತ್ತಿಗೆ, ಸೂರ್ಯನಿಗೆ ತಕ್ಕ ಕಡುಗಪ್ಪು ಶೋಧಕದ ಮೂಲಕ ಒಂದೇ ಫಿಲ್ಮಿನ ಮೇಲೆ ತೆಗೆದ ಬಿಂಬಗಳು ಕೂಡಿ 8ರ ಆಕೃತಿಯನ್ನು ತಳೆಯುವುವು. 1978-79ರಲ್ಲಿ ಅಮೆರಿಕದ ಡೆನ್ನಿಸ್ ಡಿ ಚಿಕ್ಕೊ ಇದನ್ನು ಮೊದಲಿಗೆ ಸಾಧಿಸಿದರು. ಮೋಡ ಮುಸುಕಿದರೆ ಒಂದು ಬಿಂಬ ಮಾತ್ರ ನಷ್ಟ. ಹನ್ನೊಂದನೆಯ ತಿಂಗಳಲ್ಲಿ ಕ್ಯಾಮರಾ ತುಸು ಸರಿದರೆ ಅದುವರೆಗಿನ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ!

ಭೂಮಿಯ ಅಕ್ಷವು 23½ ಡಿಗ್ರಿ ಓರೆಯಾಗಿರುವುದರಿಂದ ಸೂರ್ಯನು ಉತ್ತರಕ್ಕೂ ದಕ್ಷಿಣಕ್ಕೂ ಸರಿಯುವನು. ಈ ಓರೆಯೊಡನೆ ಕಕ್ಷೆಯ ದೀರ್ಘವೃತ್ತವೂ ಸೇರಿ ಅವನನ್ನು ನವೆಂಬರ್ ಮೊದಲಲ್ಲಿ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದಕ್ಕೂ ಫೆಬ್ರವರಿ ನಡುವೆ 14 ನಿಮಿಷ ಹಿಂದಕ್ಕೂ ಒಯ್ಯುವುದು. ಜನವರಿಯ ಸುಮಾರಿಗೆ ಭೂಮಿಯು ಸೂರ್ಯನಿಗೆ ಹತ್ತಿರವಾಗಿ ಹೆಚ್ಚು ವೇಗದಿಂದ ಚಲಿಸುವುದು. 8ರ ಒಂದು ಕುಣಿಕೆ ಮತ್ತೊಂದಕ್ಕಿಂತ ದೊಡ್ಡದಾಗಿರುವುದು ಅದರಿಂದಲೇ.