ಮೆದುಳಿಗೆ ಪೆಟ್ಟಾದ ಮಗು ಮನೆಗೆ ಬಂದಾಗ: ಊಟ ಕೊಡುವ ಮುನ್ನ ಇದು ಗೊತ್ತಿರಲಿ

ಸಾಂಗ್ಲಿ, ಮಿರಜ್, ಕುಪವಾಡ ಮೂರೂ ಸೇರಿ ಒಂದೇ ಮಹಾನಗರ ಪಾಲಿಕೆ. ಕುಪವಾಡದ ಕಾರ್ಖಾನೆ ಕೆಲಸಗಾರರ ಕುಟುಂಬಕ್ಕೂ, ಗಡಿಯ ಈಚೆಗಿನ ಅಥಣಿ, ಕಾಗವಾಡದ ಕನ್ನಡಿಗರಿಗೂ ದೊಡ್ಡ ಚಿಕಿತ್ಸೆಗೆ ಮಿರಜ್ ಹತ್ತಿರ. ಅಲ್ಲಿ 1962ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಬೈಕ್ ಅಪಘಾತದಲ್ಲೋ ಮಹಡಿಯಿಂದ ಬಿದ್ದೋ ತಲೆಗೆ ಗಂಭೀರ ಪೆಟ್ಟಾದ ಮಗುವಿನ ಊಟವನ್ನು ಆಸ್ಪತ್ರೆಯಲ್ಲಿ ನರ್ಸ್‌ಗಳು ನೋಡ್ಕೊಳ್ತಾರೆ. ಡಿಸ್ಚಾರ್ಜ್ ಆದ ದಿನದಿಂದ ಆ ಹೊಣೆ ಮನೆಯವರದ್ದು. ಕುಪವಾಡವಿರಲಿ, ಮಂಗಳೂರಿರಲಿ, ಕಷ್ಟ ಶುರುವಾಗುವುದು ಇಲ್ಲೇ.

ಊಟ ಯಾಕೆ ಅಷ್ಟು ಮುಖ್ಯ?

ಪೆಟ್ಟಾದ ಮೇಲೆ ಮಗು ಸುಮ್ಮನೆ ಮಲಗಿದ್ದರೂ ಒಳಗೆ ದೇಹ ಹೆಚ್ಚು ಶಕ್ತಿ ಖರ್ಚು ಮಾಡುತ್ತಿರಬಹುದು. ಆಹಾರ ಸಾಲದಿದ್ದರೆ ಮಾಂಸಖಂಡವೇ ಕರಗುತ್ತದೆ. ಅದಕ್ಕೇ ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಶನ್‌ನ 2019ರ ಮಾರ್ಗಸೂಚಿ, ಪೆಟ್ಟಾದ 72 ಗಂಟೆಯೊಳಗೆ ಹೊಟ್ಟೆಗೆ ಆಹಾರ ಶುರುಮಾಡಲು ಸೂಚಿಸುತ್ತದೆ. ಮೂಗಿನ ನಳಿಕೆ ಹಾಕಿದ್ರೆ “ಇನ್ನು ಆಸೆಯಿಲ್ಲ” ಅಂತಲ್ಲ. ಅದೂ ಚಿಕಿತ್ಸೆಯೇ.

ನೀರೂ ಅಪಾಯವೇ?

ಹೌದು. ನುಂಗುವ ಶಕ್ತಿ ಕುಂದಿದ ಮಗುವಿಗೆ ತೆಳು ನೀರು ಬೇಗ ಶ್ವಾಸನಾಳಕ್ಕೆ ಇಳಿಯುತ್ತದೆ, ನ್ಯುಮೋನಿಯಾ ಬರುತ್ತದೆ. ನೋಡಲು ಬಂದವರು ಪ್ರೀತಿಯಿಂದ ಝಂಝಂ ನೀರನ್ನೋ ಜೇನನ್ನೋ ಬಾಯಿಗೆ ಹಾಕಲು ಹೋಗ್ತಾರೆ. ದುಆ ಮಾಡಲಿ, ಆದರೆ ನುಂಗುವ ಪರೀಕ್ಷೆ ಮಾಡಿ ಡಾಕ್ಟರ್ ಒಪ್ಪುವವರೆಗೆ ಬಾಯಿಗೆ ಏನೂ ಬೇಡ. ಮಾತನಾಡದ ಮಕ್ಕಳು ಕೆಮ್ಮದೆಯೂ ಉಸಿರಿನ ದಾರಿಗೆ ಎಳೆದುಕೊಳ್ಳಬಹುದು.

ಮನೆಯಲ್ಲಿ ಏನು ಮಾಡಬೇಕು?

* ಊಟದ ವೇಳೆ ತಲೆ, ಎದೆ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಲಿ.
* ಬರೀ ಗಂಜಿತಿಳಿ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಬೇಳೆ, ಮೊಟ್ಟೆ, ಹಾಲು, ರಾಗಿ, ಸ್ವಲ್ಪ ಎಣ್ಣೆ ಅಥವಾ ತುಪ್ಪ ಬೇಕು. ಎಷ್ಟು, ಎಷ್ಟು ದಪ್ಪ ಎಂಬುದನ್ನು ಡಯಟಿಶಿಯನ್ ಹತ್ತಿರ ಬರೆಸಿಕೊಳ್ಳಿ.
* ನಳಿಕೆಗೆ ಕೊಡುವ ಆಹಾರ ನುಣ್ಣಗೆ ಸೋಸಿರಲಿ. ಕೊಟ್ಟ ಮೇಲೆ ಡಾಕ್ಟರ್ ಹೇಳಿದಷ್ಟು ಶುದ್ಧ ನೀರು ಹಾಯಿಸಿ. ನಳಿಕೆ ಜಾರಿದ ಅನುಮಾನವಿದ್ದರೆ ಏನೂ ಹಾಕಬೇಡಿ.
* ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಔಷಧಿ ನಳಿಕೆಯ ಆಹಾರದ ಜೊತೆ ಸೇರಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಎಷ್ಟು ಅಂತರ ಬಿಡಬೇಕು ಅಂತ ಕೇಳಿ.
* ತೂಕ ಆಗಾಗ ನೋಡಿ, ಬರೆದಿಡಿ.

ಜ್ವರ, ಉಸಿರಿನಲ್ಲಿ ಗೊರಗೊರ ಸದ್ದು, ಪದೇಪದೇ ವಾಂತಿ ಕಂಡರೆ ಊಟ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಇಂಥ ಮನೆಗೆ ಹೋಗುವ ಯುವಕರೇ, ಹಣ್ಣಿನ ಬುಟ್ಟಿಗಿಂತ ಒಂದು ಮಿಕ್ಸಿ, ತೂಕದ ಯಂತ್ರ, ಡಯಟಿಶಿಯನ್ ಬಳಿ ಹೋಗಿಬರುವ ಆಟೋ ಖರ್ಚು ಕೊಡಿ. ರಾತ್ರಿಯೆಲ್ಲ ಎದ್ದಿರುವ ಆ ಉಮ್ಮನಿಗೆ ಅದು ದೊಡ್ಡ ಸಹಾಯ.