ಗಣಕದ ತಿರುಳಿನಲ್ಲಿ ಹಳೆಯ ಬಾಗಿಲುಗಳು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಶ್ರೀಗಂಧದ ಕಾವಲ್ ಎಂಬ ಪ್ರದೇಶವಿದೆ. ಕಾವಲ್ ಎಂದರೆ ಕಾದಿರಿಸಿದ ಹುಲ್ಲುಗಾವಲು. ಇಂದು ಅಲ್ಲಿ ಮನೆಗಳೂ ಅಂಗಡಿಗಳೂ ತುಂಬಿವೆ. ಹೆಸರು ಮಾತ್ರ ಹಿಂದಿನದೇ ಉಳಿದಿದೆ. ಹಳೆಯ ಹೆಸರನ್ನು ಉಳಿಸಿಕೊಂಡರೆ ಯಾರಿಗೂ ಹೊರೆಯಾಗದು. ಆದರೆ ಗಣಕಯಂತ್ರದೊಳಗೆ ಹಳೆಯದನ್ನು ಉಳಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ಗಣಕವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಸ್ಮೃತಿಕೋಶವನ್ನು ಹಂಚುವುದು, ಯಾವ ತಂತ್ರಾಂಶ ಯಾವಾಗ ಕೆಲಸ ಮಾಡಬೇಕೆಂದು ನಿರ್ಧರಿಸುವುದು ಇದರ ಹೊಣೆ. ಉಳಿದ ತಂತ್ರಾಂಶಗಳು ಗೊತ್ತಾದ ಕ್ರಮದಲ್ಲಿ ಕರ್ನಲ್‌ನ ನೆರವನ್ನು ಕೇಳುತ್ತವೆ. ಈ ಕ್ರಮ ಬದಲಾದರೆ ನಿನ್ನೆಯವರೆಗೆ ನಡೆಯುತ್ತಿದ್ದ ತಂತ್ರಾಂಶ ಇಂದು ನಿಂತುಹೋದೀತು. ಆದುದರಿಂದಲೇ ಬಳಕೆದಾರರ ತಂತ್ರಾಂಶಗಳನ್ನು ಕೆಡಿಸಬಾರದೆಂಬುದು ಲಿನಕ್ಸ್ ಕರ್ನಲ್ ರಚಿಸುವವರು ಪಾಲಿಸುವ ಮುಖ್ಯ ನಿಯಮವಾಗಿದೆ.

ಹಾಗೆಂದು ಎಲ್ಲವನ್ನೂ ಎಂದೆಂದಿಗೂ ಇಟ್ಟುಕೊಳ್ಳಲಾಗದು. ಪ್ರತಿಯೊಂದು ಹೊಸ ಬದಲಾವಣೆಯೂ ಹಳೆಯ ಸೌಲಭ್ಯಗಳೊಡನೆ ಹೊಂದುವಂತೆ ನೋಡಿಕೊಳ್ಳಬೇಕಾಗುತ್ತದೆ. ಯಾರೂ ಬಳಸದ ಭಾಗದಲ್ಲಿ ಸೇರಿದ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾವಲಿಲ್ಲದ ಹಿತ್ತಿಲ ಬಾಗಿಲಿನಂತೆ ಅದು ವಂಚಕರಿಗೆ ದಾರಿಯಾಗಬಹುದು.

ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಲಿನಕ್ಸನ್ನು ರಚಿಸತೊಡಗಿದುದು ಇಂಟೆಲ್ 386 ಪ್ರೊಸೆಸರ್ ಇದ್ದ ಗಣಕದಲ್ಲಿ. ಆ ಪ್ರೊಸೆಸರಿನಲ್ಲಿ ಒಂದು ಕೊರತೆಯಿತ್ತು. ಓದಲು ಮಾತ್ರ ಎಂದು ಗುರುತಿಸಿದ ಸ್ಮೃತಿಭಾಗದಲ್ಲಿ ಸಾಮಾನ್ಯ ತಂತ್ರಾಂಶ ಬರೆಯಹೋದರೆ ಅದು ತಡೆಯುತ್ತಿತ್ತು. ಕರ್ನಲ್ಲೇ ಬರೆದರೆ ತಡೆಯುತ್ತಿರಲಿಲ್ಲ. ಆದುದರಿಂದ ಕರ್ನಲ್ ತಾನೇ ಮುಂಚಿತವಾಗಿ ಪರೀಕ್ಷಿಸಿಕೊಳ್ಳಬೇಕಾಗಿತ್ತು. 1989ರಲ್ಲಿ ಬಂದ 486 ಈ ಕೊರತೆಯನ್ನು ನೀಗಿತು. ಆದರೂ 386ಕ್ಕಾಗಿ ಮಾಡಿದ ಏರ್ಪಾಡು ಎರಡು ದಶಕಗಳ ಕಾಲ ಉಳಿದುಬಂದಿತು. 2012ರ ಡಿಸೆಂಬರಿನಲ್ಲಿ ಅದನ್ನು ತೆಗೆಯಲಾಯಿತು. ಹೀಗೆ ಲಿನಕ್ಸ್ ತಾನು ಹುಟ್ಟಿದ ತೊಟ್ಟಿಲನ್ನೇ ಬಿಟ್ಟುಕೊಟ್ಟಿತು. ಆದರೂ 386 ಗಣಕವುಳ್ಳವರ ಕೈಬಿಟ್ಟಂತಾಗಲಿಲ್ಲ. ಕರ್ನಲ್‌ನ ಹಿಂದಿನ ಆವೃತ್ತಿಗಳು ಆ ಗಣಕಗಳಲ್ಲಿ ಈಗಲೂ ನಡೆಯಬಲ್ಲವು.

ತೆಗೆಯುವ ರೀತಿಯಲ್ಲಿಯೂ ಎಚ್ಚರ ಬೇಕು. ತಂತ್ರಾಂಶಗಳನ್ನು ಕಡತದಲ್ಲಿ ಇಡುವುದಕ್ಕೆ ಲಿನಕ್ಸಿನಲ್ಲಿ ಮೊದಲು ಎ.ಔಟ್ ಎಂಬ ವಿನ್ಯಾಸವಿತ್ತು. 1990ರ ದಶಕದಲ್ಲಿಯೇ ಎಲ್ಫ್ ಎಂಬ ಉತ್ತಮ ವಿನ್ಯಾಸ ಅದರ ಸ್ಥಾನಕ್ಕೆ ಬಂದಿತು. ಎ.ಔಟ್‌ನ ಒಂದು ಭಾಗ ಹಾಳಾಗಿ ಬಿದ್ದಿದ್ದುದು ಬಹುಕಾಲದ ಮೇಲೆ ಬೆಳಕಿಗೆ ಬಂದಿತು. ಆಗಲೂ ಅದನ್ನು ಒಮ್ಮೆಗೇ ಕಿತ್ತುಹಾಕಲಿಲ್ಲ. 2019ರಲ್ಲಿ ಮುನ್ಸೂಚನೆ ಕೊಟ್ಟು, ಇನ್ನೂ ಬಳಸುವವರಿದ್ದರೆ ತಿಳಿಸಲು ಅವಕಾಶವಿತ್ತು, 2022ರಲ್ಲಿ ಪೂರ್ತಿಯಾಗಿ ತೆಗೆದರು.

ಆಂಡ್ರಾಯ್ಡ್ ಫೋನುಗಳಲ್ಲಿ ಕೆಲಸ ಮಾಡುವುದೂ ಇದೇ ಲಿನಕ್ಸ್ ಕರ್ನಲ್. ಕೋಟ್ಯಂತರ ಜನರು ನೆಚ್ಚಿಕೊಂಡ ವ್ಯವಸ್ಥೆಯಲ್ಲಿ ಒಂದು ಹಳೆಯ ಬಾಗಿಲನ್ನು ಮುಚ್ಚುವ ಮುನ್ನ, ಆ ದಾರಿಯಲ್ಲಿ ಇನ್ನೂ ಯಾರಾದರೂ ನಡೆಯುತ್ತಿರುವರೇ ಎಂದು ವಿಚಾರಿಸುವುದು ರಚನೆಕಾರರ ಕರ್ತವ್ಯವಾಗಿದೆ.